ಮಹಡಿ ಹತ್ತಿದರೂ ಕೆಳಗಿನ ವೈಫೈ ಬಿಡದ ಫೋನು

9 ಮಾರ್ಚ್ 2025, ಭಾನುವಾರ

ಕೆಳಗೊಂದು, ಮಹಡಿಯಲ್ಲೊಂದು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಇರುವ ಮನೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಯಾವಾಗ ಹಿಡಿಯಬೇಕು ಅಂತ ತೀರ್ಮಾನಿಸುವುದು ಫೋನು, ರೌಟರ್ ಅಲ್ಲ. ಐಫೋನ್ ತಾನು ಹಿಡಿದಿರುವ ಸಿಗ್ನಲ್ -70 ಡಿಬಿಎಂಗೆ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇಳಿಯುವ ತನಕ ಬೇರೆಯದನ್ನು ಹುಡುಕುವುದಿಲ್ಲ. ಹುಡುಕಿದ ಮೇಲೂ, ಡೇಟಾ ಹರಿಯುತ್ತಿದ್ದರೆ ಹೊಸದು 8 ಡಿಬಿ ಜೋರಾಗಿರಬೇಕು, ಸುಮ್ಮನಿದ್ದರೆ 12. ಆಂಡ್ರಾಯ್ಡ್‌ನಲ್ಲಿ ಈ ಲೆಕ್ಕ ಫೋನಿಂದ ಫೋನಿಗೆ ಬೇರೆ.

ಹಾಗಾಗಿ ಟ್ರಾನ್ಸ್‌ಮಿಟ್ ಪವರ್ (ಪೆಟ್ಟಿಗೆ ಸಿಗ್ನಲ್ ಕಳಿಸುವ ಬಲ) ಪೂರ್ತಿ ಏರಿಸಿಡುವುದೇ ಬಹಳ ಮನೆಗಳಲ್ಲಿ ತೊಂದರೆಯ ಬೇರು. ಮಹಡಿಯಲ್ಲೂ ಕೆಳಗಿನ ಸಿಗ್ನಲ್ -65 ಇದ್ದರೆ ಫೋನು ಅದನ್ನು ಯಾಕೆ ಬಿಟ್ಟೀತು? ಆದರೆ ಫೋನಿನ ಪವರ್ ಕಡಿಮೆ, ಅದು ಕಳಿಸಿದ್ದು ಕೆಳಗೆ ಸರಿಯಾಗಿ ಮುಟ್ಟುವುದಿಲ್ಲ. ಕಡ್ಡಿಗಳು ಚೆನ್ನಾಗಿ ಕಾಣುತ್ತವೆ, ಕಾಲ್‌ನಲ್ಲಿ ಮಾತ್ರ ನಮ್ಮ ಮಾತು ಆ ಕಡೆಗೆ ತುಂಡು ತುಂಡಾಗಿ ಕೇಳುತ್ತದೆ. ಪೆಟ್ಟಿಗೆಯ ಪವರ್ ಇಳಿಸಿ, ಒಂದು ಸಲಕ್ಕೆ 3 ಡಿಬಿ. ಅಷ್ಟಕ್ಕೇ ಪವರ್ ಅರ್ಧವಾಗುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡ್ ಗೋಡೆ ದಾಟುವುದು ಜಾಸ್ತಿ, ಅದನ್ನು 5 ಗಿಗಾಹರ್ಟ್ಸ್ ಬ್ಯಾಂಡಿಗಿಂತ ಸುಮಾರು 6 ಡಿಬಿ ತಗ್ಗಿಸಿಡಿ.

ಅಳೆಯುವ ಜಾಗ ಮೆಟ್ಟಿಲು. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ವೈಫೈ ವರ್ಬೋಸ್ ಲಾಗಿಂಗ್ ಆನ್ ಮಾಡಿದರೆ ವೈಫೈ ಪಟ್ಟಿಯಲ್ಲೇ ಡಿಬಿಎಂ ಕಾಣುತ್ತದೆ. ಒಂದು ಕಾಲ್ ಹಚ್ಚಿಕೊಂಡು ನಿಧಾನ ಹತ್ತಿ. ಕೆಳಗಿನದು -70 ತೋರಿಸುವ ಮೆಟ್ಟಿಲಲ್ಲಿ ಮೇಲಿನದು -62 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಅಲ್ಲಿ ಮೇಲಿನದೂ -68 ಅಂದರೆ ಪವರ್ ಮುಟ್ಟುವುದು ಬೇಡ, ಮೇಲಿನ ಪೆಟ್ಟಿಗೆಯನ್ನೇ ಮೆಟ್ಟಿಲ ಕಡೆಗೆ ಸರಿಸಿ.

ಹಳೇ ರೌಟರನ್ನೇ ಎರಡನೆಯದಾಗಿ ಬಳಸುವವರು ಅದರ ವಿಳಾಸವನ್ನು 192.168.1.2ರಂತೆ, ಮೊದಲನೆಯದರ ಸಾಲಿನಲ್ಲೇ ಖಾಲಿ ಇರುವುದಕ್ಕೆ ಬದಲಿಸಿ, ಡಿಎಚ್‌ಸಿಪಿ (ಸೇರಿದ ಸಾಧನಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಹಾಕಬೇಕು. ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕಿದರೆ ಅದು ಬೇರೆಯದೇ ನೆಟ್‌ವರ್ಕ್ ಆಗಿ, ದಾಟಿದಾಗ ಫೋನಿನ ಐಪಿ ಬದಲಾಗುತ್ತದೆ, ಕಾಲ್ ಕಡಿಯುತ್ತದೆ. ಹೆಸರು, ಪಾಸ್‌ವರ್ಡ್, ಡಬ್ಲ್ಯುಪಿಎ (ವೈಫೈ ಭದ್ರತೆ) ಬಗೆ ಮೂರೂ ಎರಡರಲ್ಲೂ ಒಂದೇ. ಚಾನೆಲ್ ಮಾತ್ರ ಬೇರೆ ಬೇರೆ: 2.4ರಲ್ಲಿ 1, 6, 11ರ ಪೈಕಿ, ಅಗಲ 20 ಮೆಗಾಹರ್ಟ್ಸ್.

ದಾಟಲು ಫೋನಿಗೆ ನೆರವಾಗುವ ಮೂರು ಸೆಟ್ಟಿಂಗ್ ಇವೆ: 802.11ಕೆ, ವಿ, ಆರ್. ಕೆ ಅಕ್ಕಪಕ್ಕದ ಪಾಯಿಂಟ್‌ಗಳ ಪಟ್ಟಿ ಕೊಡುತ್ತದೆ, ವಿ ಇಲ್ಲಿಗೆ ಬಾ ಅಂತ ಸೂಚಿಸುತ್ತದೆ, ಆರ್ ದಾಟುವಾಗಿನ ಕೀ ವಿನಿಮಯವನ್ನು ಚುಟುಕಾಗಿಸುತ್ತದೆ. ಮೊದಲು ಕೆ, ವಿ ಹಾಕಿ ನೋಡಿ. ಆರ್ ಹಾಕಿದರೆ ಕೆಲವು ಹಳೇ ಪ್ರಿಂಟರ್‌ಗಳು ಸೇರಲೇ ಒಲ್ಲವು. ಸಿಗ್ನಲ್ ಕುಗ್ಗಿದ ಫೋನನ್ನು ಹೊರದಬ್ಬುವ ಮಿನಿಮಮ್ ಆರ್‌ಎಸ್‌ಎಸ್‌ಐ ಕೊನೆಗಿರಲಿ, ಅದೂ -80ರ ಆಸುಪಾಸು. ಬಿಗಿ ಮಾಡಿದರೆ ಫೋನು ಹೊರಬಿದ್ದು ಮತ್ತೆ ಅದೇ ಪಾಯಿಂಟಿಗೇ ಬಂದು ಅಂಟಿಕೊಳ್ಳುತ್ತದೆ.