ವಿಲ್ಕ್ಸ್ ಗೆದ್ದಿತ್ತು, ಸೋಲಿಸಿದ್ದು ನಾನು

ಗೇಮ್‌ನಲ್ಲಿ ಯಾರ ಬಲ ಎಷ್ಟು ಅಂತ ಬರೆಯುವ ಬ್ಯಾಲೆನ್ಸ್ ಶೀಟ್‌ನ 41ನೇ ಸಾಲು ಕಣ್ಣಿಗೆ ಬಿದ್ದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಲೆವೆಲ್ ಡಿಸೈನರ್. ಹೊರದೇಶದ ಕ್ಲೈಂಟ್‌ಗೆ ಎರಡನೇ ಮಹಾಯುದ್ಧದ ಸ್ಟ್ರಾಟೆಜಿ ಗೇಮ್ ಮಾಡುತ್ತಿದ್ದೆವು. ನನ್ನ ಪಾಲಿಗೆ ಬಂದಿದ್ದು ಅಮೆರಿಕದ ಕೈಯಲ್ಲಿದ್ದ ವೇಕ್ ದ್ವೀಪ, ಡಿಸೆಂಬರ್ 1941. ಪೆಸಿಫಿಕ್ ನಡುವೆ ವೇಕ್, ವಿಲ್ಕ್ಸ್, ಪೀಲ್ ಅಂತ ಮೂರು ತುಂಡು ನೆಲ. ಎಲ್ಲ ಸೇರಿಸಿದರೂ 7 ಚದರ ಕಿಲೋಮೀಟರ್ ಚಿಲ್ಲರೆ. ಸಮುದ್ರದಿಂದ ಜಪಾನಿಗಳು ಬಂದಿಳಿದರೆ ಯಾವ ತುಂಡು ಎಷ್ಟು ಹೊತ್ತು ತಡೆಯುತ್ತದೆ ಅಂತ ಅಂಕ ಹಾಕುವುದು ನನ್ನ ಕೆಲಸ.

ಎಣಿಸುವುದೇನೋ ಸುಲಭ. 5 ಇಂಚಿನ ಫಿರಂಗಿ 6. ವಿಮಾನ ಹೊಡೆಯುವ 3 ಇಂಚಿನ ತೋಪು 12, ಆದರೆ ಎಲ್ಲಕ್ಕೂ ಸಾಲುವಷ್ಟು ಆಳಿಲ್ಲ. ರೇಡಾರ್ ಇಲ್ಲವೇ ಇಲ್ಲ. ವೈಲ್ಡ್‌ಕ್ಯಾಟ್ ವಿಮಾನ 12, ಮೊದಲ ದಿನದ ಬಾಂಬಿಗೇ 7 ಹೋದವು. ಅಮೆರಿಕದ ಮರೀನ್ ಸೈನಿಕರು ಸುಮಾರು 450. ಡಿಸೆಂಬರ್ 11ರ ಮೊದಲ ದಾಳಿ ನನ್ನ ಶೀಟ್‌ನಲ್ಲಿ ಚೆನ್ನಾಗಿ ಕೂತಿತು. ಹಡಗು ಹತ್ತಿರ ಬರುವ ತನಕ ಯಾರೂ ಹೊಡೆಯಬೇಡಿ ಅಂತ ಮರೀನ್‌ಗಳ ಮುಖ್ಯಸ್ಥ ಮೇಜರ್ ಡೆವೆರೋ ತಡೆದಿದ್ದರು. ಆಮೇಲೆ ವಿಲ್ಕ್ಸ್‌ನ ಫಿರಂಗಿ ಹಯಾತೆ ಅನ್ನುವ ಜಪಾನಿ ಯುದ್ಧನೌಕೆಯನ್ನು ಮುಳುಗಿಸಿತು, ಒಂದು ವೈಲ್ಡ್‌ಕ್ಯಾಟ್ ಕಿಸರಗಿ ಅನ್ನುವ ಇನ್ನೊಂದನ್ನು. ಜಪಾನಿಗಳು ವಾಪಸ್.

ತಲೆನೋವು ಶುರುವಾಗಿದ್ದು 23ರ ನಸುಕಿನ ಲ್ಯಾಂಡಿಂಗ್‌ನಲ್ಲಿ. ಎಷ್ಟು ಸಲ ಪ್ಲೇಟೆಸ್ಟ್ ಮಾಡಿದರೂ ವಿಲ್ಕ್ಸ್ ಬೀಳುತ್ತಿರಲಿಲ್ಲ. ಅಲ್ಲಿ ಇಳಿದ ಸುಮಾರು 100 ಜನರನ್ನು ಅದಕ್ಕಿಂತ ಕಡಿಮೆಯಿದ್ದ ಮರೀನ್‌ಗಳು ಮುಗಿಸಿಬಿಡುತ್ತಿದ್ದರು. ಗೇಮ್ ಪರೀಕ್ಷಿಸುವ ಕ್ಯೂಎ ತಂಡದ ಹುಡುಗಿ ಟಿಕೆಟ್ (ದೋಷದ ದೂರು) ಹಾಕಿ, ಸೀಟಿನ ಹತ್ತಿರವೂ ಬಂದಳು. "ಅಣ್ಣ, ಇದು ಬಗ್ ಅಲ್ಲ ಅನ್ಸುತ್ತೆ. ಇಳಿದವರೆಲ್ಲ ಒಂದೇ ಕಡೆ ಗುಂಪಾಗಿದ್ದಾರೆ. ಹಿಂದಿನಿಂದ ಹೊಡೆದ್ರೆ ಹೋಗ್ತಾರೆ ಅಲ್ವಾ?"

ನಾನು ಓದಿದ್ದು ಡೆವೆರೋ ಇದ್ದ ಕಮಾಂಡ್ ಪೋಸ್ಟ್ ಕಡೆಯ ಕಥೆ ಮಾತ್ರ. ವಿಲ್ಕ್ಸ್‌ಗೆ ಫೋನ್ ಸಿಗುತ್ತಿಲ್ಲ, ಅದು ಹೋಯಿತು ಅಂದುಕೊಂಡರು, ಶರಣಾದರು. "ಇತಿಹಾಸದಲ್ಲಿ ಬಿದ್ದಿದೆ ಕಣಮ್ಮ" ಅಂದೆ. ವಿಲ್ಕ್ಸ್‌ನ ಬಲ ಅರ್ಧಕ್ಕೆ ಇಳಿಸಿ ಟಿಕೆಟ್ ಮುಚ್ಚಿದೆ. ಅದೇ 41ನೇ ಸಾಲು. ಸ್ಪ್ರಿಂಟ್, ಅಂದರೆ ಕೆಲಸದ ಆ ಕಂತು, ಮುಗಿಯುವುದರೊಳಗೆ ಟಿಕೆಟ್ ಎಲ್ಲ ಮುಚ್ಚಿ ಬೋರ್ಡ್ ಹಸಿರಾಗಿದ್ದರೆ ಸಾಕಿತ್ತು ನಮ್ಮ ಮ್ಯಾನೇಜರ್‌ಗೆ. ಒಳಗೆ ಏನಿದೆ ಅಂತ ಯಾರೂ ಕೇಳಲಿಲ್ಲ.

ಕ್ಲೈಂಟ್ ರಿವ್ಯೂ ದಿನ ಅವರ ಇತಿಹಾಸ ಸಲಹೆಗಾರರೂ ಕಾಲ್‌ನಲ್ಲಿದ್ದರು. ವಯಸ್ಸಾದವರು, ಮುಕ್ಕಾಲು ಗಂಟೆ ಮ್ಯೂಟ್‌ನಲ್ಲೇ ಇದ್ದರು. ಮ್ಯಾಪ್‌ನಲ್ಲಿ ವಿಲ್ಕ್ಸ್ ಕೆಂಪಾದ ಕೂಡಲೇ ಅನ್‌ಮ್ಯೂಟ್ ಆದರು.

"ವಿಲ್ಕ್ಸ್ ಯಾಕೆ ಬಿತ್ತು?"

ಆಳು ಕಡಿಮೆ, ಕತ್ತಲೆ, ಸಂಪರ್ಕ ಇಲ್ಲ ಅಂತ ಧೈರ್ಯವಾಗಿ ಹೇಳಿದೆ. ಡೆವೆರೋ ಕೂಡ ಬಿದ್ದಿದೆ ಅಂದುಕೊಂಡೇ ಶರಣಾದರು ಅಂತ ಸೇರಿಸಿದೆ.

"ಅಂದುಕೊಂಡಿದ್ದರು, ಸರಿ. ಬಿದ್ದಿತ್ತಾ?"

ನನ್ನ ಬಾಯಿ ಒಣಗಿತು. ಡಾಕ್ಯುಮೆಂಟ್ ತೆರೆದು ಹುಡುಕತೊಡಗಿದೆ. ಸ್ಕ್ರೀನ್ ಶೇರ್ ಆನ್‌ನಲ್ಲೇ ಇತ್ತು. ನಾನು 'ವಿಲ್ಕ್ಸ್' ಅಂತ ಎರಡು ಸಲ ತಪ್ಪಾಗಿ ಟೈಪ್ ಮಾಡಿದ್ದನ್ನು ಹದಿನಾಲ್ಕು ಜನ ನೋಡಿದರು. ಮ್ಯಾನೇಜರ್ ಕ್ಯಾಮೆರಾ ಆಫ್ ಮಾಡಿಕೊಂಡರು.

ಕೊನೆಗೆ ಸಲಹೆಗಾರರೇ ಹೇಳಿದರು. ವಿಲ್ಕ್ಸ್‌ನ ಮರೀನ್‌ಗಳ ನಾಯಕ ಕ್ಯಾಪ್ಟನ್ ಪ್ಲ್ಯಾಟ್‌ನ ಜನ ಬೆಳಕಾಗುವ ಹೊತ್ತಿಗೆ ಹಿಂದಿನಿಂದ ಬಿದ್ದು ವಿಲ್ಕ್ಸ್ ಪೂರ್ತಿ ತೆರವು ಮಾಡಿದ್ದರು. ಫೋನ್ ತಂತಿ ಬಹುಪಾಲು ನೆಲದ ಮೇಲೇ ಹಾಸಿತ್ತು, ತುಂಡಾಗಿತ್ತು. ಡೆವೆರೋ ಬಿಳಿ ಬಾವುಟದ ಜೊತೆ ಅಲ್ಲಿಗೆ ಹೋದಾಗ ಗೆದ್ದವರಿಗೆ ಸೋತ ಸುದ್ದಿ ಗೊತ್ತಾಯಿತು. ವಿಷಯ ಮೊದಲೇ ಗೊತ್ತಿದ್ದರೂ ದ್ವೀಪ ಉಳಿಯುತ್ತಿರಲಿಲ್ಲ ಬಿಡಿ. ನೆರವಿಗೆ ಹೊರಟಿದ್ದ ಸಾರಾಟೋಗಾ ವಿಮಾನವಾಹಕ ನೌಕೆಯ ಪಡೆಯನ್ನೂ ವಾಪಸ್ ಕರೆಸಿಕೊಂಡಿದ್ದರು.

ಡೆವೆರೋಗೆ ತಂತಿ ಕಡಿದುಹೋಗಿತ್ತು. ನನಗೇನಾಗಿತ್ತು? ವಿಷಯ ತಿಳಿದವಳು ಪಕ್ಕದಲ್ಲೇ ನಿಂತು ಹೇಳಿದ್ದಳಲ್ಲ.

ಈಗ ಯಾವ ದ್ವೀಪ ಬಂದರೂ ಶೀಟ್‌ನಲ್ಲಿ ಫಿರಂಗಿಗಿಂತ ಮೊದಲು 'ತಂತಿ' ಅಂತ ಒಂದು ಕಾಲಂ ಹಾಕುತ್ತೇನೆ. ಮ್ಯಾನೇಜರ್ "ಇದು ಸ್ಕೋಪ್‌ನಲ್ಲಿ ಇತ್ತಾ?" ಅಂತ ಕೇಳಿದರು.

ನಮ್ಮ ಟೂಲ್‌ನಲ್ಲಿ ಮುಚ್ಚಿದ ಟಿಕೆಟ್ ತೆರೆಯಬೇಕಾದರೆ ಕಾರಣ ಆರಿಸಲೇಬೇಕು. 'ಡಿಸೈನರ್ ತಪ್ಪು' ಅನ್ನುವ ಆಯ್ಕೆಯೇ ಇಲ್ಲ. 'ಇತರೆ' ಒತ್ತಿದೆ. ಮರುದಿನ ಅವಳ ಕಾಮೆಂಟ್ ಬಂತು: "ವಿಲ್ಕ್ಸ್ ಮತ್ತೆ ಗೆಲ್ತಾ ಇದೆ ಅಣ್ಣ. ಮುಚ್ಚಲಾ?"