ಬ್ರೇಕು ಮೊದಲು, ತಿರುವು ಆಮೇಲೆ

ಅಕ್ಕನ ಮಗನಿಗೆ ಈಗ ಕಾರ್ಟಿಂಗ್, ಅಂದ್ರೆ ಪುಟ್ಟ ರೇಸ್ ಗಾಡಿ ಓಡಿಸೋ ಹುಚ್ಚು. ಭಾನುವಾರ ನಾನೇ ಅವನ ಕೋಚು (ಸಂಬಳ: ಒಂದು ಮಸಾಲೆ ದೋಸೆ). ತಿರುವಿನೊಳಗೆ ನುಗ್ಗಿದ ಮೇಲೆ ಬ್ರೇಕ್ ಒತ್ತುತ್ತಾನೆ. ಆ ಬಾಡಿಗೆ ಕಾರ್ಟಿನಲ್ಲಿ ಬ್ರೇಕ್ ಇರೋದು ಹಿಂದಿನ ಆಕ್ಸಲ್‌ಗೆ ಮಾತ್ರ, ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತೆ. "ನೆಟ್ಟಗಿರುವಾಗಲೇ ಬ್ರೇಕ್ ಹಾಕೋ, ಆಮೇಲೆ ಸ್ಟೀರಿಂಗ್" ಅಂದೆ.

ಕಾರ್ಟಿಗೆ ಡಿಫರೆನ್ಷಿಯಲ್ (ತಿರುವಿನಲ್ಲಿ ಒಳಗಿನ, ಹೊರಗಿನ ಚಕ್ರಗಳನ್ನ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಗೇರ್) ಇಲ್ಲ, ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ಸುತ್ತುತ್ತವೆ. ಅದಕ್ಕೇ ತಿರುವಿನಲ್ಲಿ ಒಳಗಿನ ಹಿಂಚಕ್ರ ಚೂರು ಮೇಲೇಳಬೇಕು, ಇಲ್ಲಾಂದ್ರೆ ಗಾಡಿ ಜಗ್ಗುತ್ತೆ. ಇಷ್ಟು ಹೇಳೋಷ್ಟರಲ್ಲಿ ಹುಡುಗ ಆಕಳಿಸಿದ. "ಮುಂದಿನ ಟೈರ್ ನೋಡಬೇಡ, ತಿರುವಿನ ಒಳಅಂಚು ನೋಡು" ಅಂದಿದ್ದು ಮಾತ್ರ ತಲೆಗೆ ಹೋಯ್ತು. ಮುಂದಿನ ಸುತ್ತಲ್ಲೇ ಸ್ಟೀರಿಂಗ್ ಹಿಡಿತ ಸಡಿಲ, ಭುಜ ಕೆಳಗೆ.

ದೊಡ್ಡವರ ವಿವರಣೆ ಬಹುಪಾಲು ದೊಡ್ಡವರ ಸಮಾಧಾನಕ್ಕೇ ಇರಬೇಕು. ಈಗ ಅವನಿಗೆ ಸ್ವಂತ ಹೆಲ್ಮೆಟ್ ಬೇಕಂತೆ. ಅಕ್ಕ ನನ್ನ ಫೋನ್ ಎತ್ತುತ್ತಿಲ್ಲ.