ಪುಣೆ ಸುತ್ತಿನ ಲೇಣಿಗಳಲ್ಲಿ ದಾನಿಗಳ ಹೆಸರು: ಇಲ್ಲಿವರೆಗೆ ಆದ ಕೆಲಸ

ಕಾರ್ಲಾ ಲೇಣಿಯ (ಬೆಟ್ಟ ಕೊರೆದ ಗುಹೆ) ಚೈತ್ಯದ, ಅಂದರೆ ಸ್ತೂಪವಿರುವ ಪ್ರಾರ್ಥನೆಯ ಮಂಟಪದ, ಕಂಬಗಳ ಮೇಲಿನ ಬರಹಗಳನ್ನು ನೋಟ್‌ಬುಕ್ಕಿಗೆ ಇಳಿಸುವ ಕೆಲಸ ಈ ಚಳಿಗಾಲದಲ್ಲಿ ಮುಗಿಯಿತು. ಬೇಡಸೆಯಲ್ಲಿ ಬರಹಗಳೇ ಕಡಿಮೆ, ಅಲ್ಲಿಯದೂ ಆಯಿತು. ಭಾಜೆ ಅರ್ಧಕ್ಕಿಂತ ಜಾಸ್ತಿ ಆಗಿದೆ. ಪುಣೆಯಲ್ಲಿರುವ ಕನ್ನಡದವರು ಯಾರಾದರೂ ಜೊತೆಗೆ ಬರುವ ಮನಸ್ಸಿದ್ದರೆ ಉಪಯೋಗಕ್ಕೆ ಬರಲಿ ಅಂತ ಇಷ್ಟೂ ಬರೆದಿಡುತ್ತಿದ್ದೇನೆ.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಈ ಮೂರೂ ಲೇಣಿಗಳು ಎರಡು ಸಾವಿರ ವರ್ಷದಷ್ಟು ಹಳೆಯವು. ಭಾಜೆ ಅದಕ್ಕೂ ಹಿಂದಿನದು, ಕ್ರಿ.ಪೂ. 2ನೇ ಶತಮಾನದ್ದು. ಬೌದ್ಧ ಭಿಕ್ಷುಗಳಿಗಾಗಿ ಬೆಟ್ಟವನ್ನೇ ಕೊರೆದು ಮಾಡಿದ ಜಾಗಗಳು. ಹೋದವರೆಲ್ಲ ಸ್ತೂಪ ನೋಡುತ್ತಾರೆ, ಕಮಾನು ನೋಡುತ್ತಾರೆ, ಫೋಟೋ ತೆಗೆದುಕೊಂಡು ಇಳಿಯುತ್ತಾರೆ. ಗೋಡೆ ಮೇಲೆ, ಕಂಬದ ಮೇಲೆ, ನೀರಿನ ತೊಟ್ಟಿಯ ಹತ್ತಿರ ಸಣ್ಣ ಸಣ್ಣ ಸಾಲುಗಳಿವೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಇದನ್ನು ಯಾರು ಕೊಟ್ಟರು, ಯಾವ ಊರವರು, ಏನು ಕೆಲಸ ಮಾಡುತ್ತಿದ್ದರು ಅನ್ನುವುದು ಅಲ್ಲಿದೆ. ಅವನ್ನು ಒಂದೊಂದಾಗಿ ನಿಂತು ಓದುವುದು, ಹಳೆಯ ಶಾಸನ ಸಂಪುಟಗಳಲ್ಲಿ ಅಚ್ಚಾದ ಪಾಠದ ಜೊತೆ ಹೋಲಿಸುವುದು, ಜಾಗದ ಗುರುತು ಬರೆದುಕೊಳ್ಳುವುದು. ಇಷ್ಟೇ ಕೆಲಸ. ನಮ್ಮೂರ ದೇವಸ್ಥಾನದ ಮೆಟ್ಟಿಲ ಮೇಲೆ, ಫ್ಯಾನಿನ ರೆಕ್ಕೆ ಮೇಲೆ ಹೆಸರು ಬರೆಸುತ್ತಾರಲ್ಲ, ಅದೇ ಥರ. ರಾಜ ಕಟ್ಟಿಸಿದ ಅಂತ ಒಂದೇ ಮಾತಲ್ಲಿ ಮುಗಿಸುವ ಹಾಗಿಲ್ಲ. ಊರ ಜನ ಪಾಲು ಹಾಕಿ ಮಾಡಿಸಿದ್ದು ಅನ್ನುವುದು ಕಣ್ಣೆದುರೇ ಇದೆ.

ಬ್ರಾಹ್ಮಿ ಕಲಿಯುವುದು ಅಂದುಕೊಂಡಷ್ಟು ಕಷ್ಟವಲ್ಲ. ‘ಕ’ ಅಂದರೆ ಕೂಡಿಸುವ ಚಿಹ್ನೆ. ‘ಥ’ ಅಂದರೆ ಒಂದು ವೃತ್ತ, ನಡುವೆ ಚುಕ್ಕಿ. ‘ನ’ ಕೆಳಗೊಂದು ಅಡ್ಡಗೆರೆ, ಅದರ ಮೇಲೊಂದು ನೇರಗೆರೆ. ಕೊನೆಯಿಂದ ಓದಲು ಶುರು ಮಾಡಬೇಕು, ಯಾಕೆಂದರೆ ಎಷ್ಟೋ ಸಾಲುಗಳು ‘ದಾನಂ’ ಅಂತಲೇ ಮುಗಿಯುತ್ತವೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಈ ಲಿಪಿಯನ್ನು ಬಿಡಿಸಿದ್ದೂ ಹೀಗೆಯೇ. ಸಾಂಚಿಯ ಸ್ತೂಪದ ಸುತ್ತಿನ ಕಲ್ಲಿನ ಕಟಕಟೆಯ ಸಣ್ಣ ಬರಹಗಳೆಲ್ಲ ಒಂದೇ ಥರ ಮುಗಿಯುವುದನ್ನು ನೋಡಿ, ಇವು ಕೊಟ್ಟವರ ಹೆಸರುಗಳಿರಬೇಕು ಅಂತ ಊಹಿಸಿದ. ಆ ಎಳೆ ಹಿಡಿದು ಉಳಿದ ಅಕ್ಷರಗಳೂ ಬಿಚ್ಚಿಕೊಂಡವು. ಕಾರ್ಲಾದಲ್ಲಿ ನಿಂತು ಆ ದಾರಿಯಲ್ಲೇ ಓದಬಹುದು ಅನ್ನುವುದು ನನಗೆ ಈಗಲೂ ರೋಮಾಂಚನ.

ಕಾರ್ಲಾದ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ಚೈತ್ಯದ ಒಳಗೆ 37 ಕಂಬಗಳಿವೆ. ಎರಡೂ ಬದಿಗೆ ಹದಿನೈದು ಹದಿನೈದು, ಸ್ತೂಪದ ಹಿಂದೆ ಏಳು ಸಾದಾ ಕಂಬ. ಬದಿಯ ಕಂಬಗಳಿಗೆ ಬುಡದಲ್ಲಿ ಕೊಡದ ಆಕಾರ, ನಡುವೆ ಎಂಟು ಮುಖ, ಮೇಲೆ ಆನೆ ಸವಾರರು. ಬರಹ ಇರುವುದು ಆ ಎಂಟು ಮುಖದ ಭಾಗದಲ್ಲಿ. ಅಕ್ಷರಗಳು ಆಳವಿಲ್ಲ. ಎದುರಿನಿಂದ ಟಾರ್ಚ್ ಹಿಡಿದರೆ ಏನೂ ಕಾಣುವುದಿಲ್ಲ, ಕಲ್ಲು ಬೆಳ್ಳಗೆ ಹೊಳೆಯುತ್ತದೆ ಅಷ್ಟೆ. ಟಾರ್ಚನ್ನು ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ಸಮನಾಗಿ ಹಿಡಿಯಬೇಕು. ಆಗ ಗೆರೆಯೊಳಗೆ ನೆರಳು ನಿಲ್ಲುತ್ತದೆ. ‘ಥ’ದ ನಡುವಿನ ಚುಕ್ಕಿ ಕೂಡ ಎದ್ದು ಕಾಣುತ್ತದೆ. ಚಾಕ್‌ಪೀಸ್ ಸವರುವುದು, ನೀರು ಹಾಕುವುದು, ಬೆರಳಲ್ಲಿ ಉಜ್ಜುವುದು ಯಾವುದೂ ಬೇಡ. ಎರಡು ಸಾವಿರ ವರ್ಷ ಉಳಿದ ಗೆರೆ ನಮ್ಮ ಕೈಯಲ್ಲಿ ಸವೆಯಬಾರದು.

ಕಂಬ ಕೊಟ್ಟವರಲ್ಲಿ ಬಹಳಷ್ಟು ಜನ ಧೇನುಕಾಕಟ ಅನ್ನುವ ಊರಿನವರು. ಆ ಊರು ಎಲ್ಲಿತ್ತು ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವರಲ್ಲಿ ಎಷ್ಟೋ ಜನ ತಮ್ಮನ್ನು ಯವನರು, ಅಂದರೆ ಗ್ರೀಕ್ ಮೂಲದವರು, ಅಂತ ಕರೆದುಕೊಂಡಿದ್ದಾರೆ. ಹೆಸರುಗಳು ಮಾತ್ರ ಇಲ್ಲಿಯವೇ. ಬಾಗಿಲ ಕೆಲಸ ಮಾಡಿದವನು ವೇಣುವಾಸನ ಮಗ ಸಾಮಿ, ಬಡಗಿ. ಬೆಟ್ಟದ ಕಲ್ಲಿನ ಬಾಗಿಲಿಗೆ ಬಡಗಿ! ತಲೆ ಎತ್ತಿ ಚಾವಣಿ ನೋಡಿದರೆ ಅದರಲ್ಲಿ ಆಶ್ಚರ್ಯ ಇಲ್ಲ ಅನಿಸುತ್ತದೆ. ಕಮಾನಿನ ಮರದ ಪಕ್ಕೆಗಳು ಇನ್ನೂ ಹಾಗೇ ಇವೆ. ಕಲ್ಲು ಕೊರೆಯುವವರು ಮತ್ತು ಮರಗೆಲಸದವರು ಒಟ್ಟಿಗೆ ನಿಂತು ಮಾಡಿದ ಕೆಲಸ ಇದು. ಹಾಗೆಯೇ ಸಿಂಹದತ್ತ ಅನ್ನುವ ಸುಗಂಧದ ವ್ಯಾಪಾರಿಯೂ ಬಾಗಿಲಿಗೆ ದಾನ ಕೊಟ್ಟಿದ್ದಾನೆ. ಹೊರಗಿನ ಸಿಂಹ ಕಂಬ ಅಗ್ನಿಮಿತ್ರಣಕ ಅನ್ನುವ ಮಹಾರಥಿಯದ್ದು (ಮಹಾರಥಿ ಅಂದರೆ ಆ ಕಾಲದ ದೊಡ್ಡ ಅಧಿಕಾರಿಯ ಪದವಿ).

ಇನ್ನು ನಮ್ಮವನ ವಿಷಯ. ಮೊಗಸಾಲೆಯಲ್ಲಿ ಒಂದು ಸಾಲಿದೆ: ವೈಜಯಂತಿಯ ಶೆಟ್ಟಿ ಭೂತಪಾಲ ಈ ಕಲ್ಲಿನ ಮನೆಯನ್ನು ಪೂರ್ಣಗೊಳಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು. ವೈಜಯಂತಿ ಅಂದರೆ ಬನವಾಸಿ ಅಂತಲೇ ಹೆಚ್ಚಿನವರು ಗುರುತಿಸುತ್ತಾರೆ. ನಾನು ಶಿರಸಿ ಕಡೆಯವನು. ಬನವಾಸಿಯ ಮಧುಕೇಶ್ವರ ದೇವಸ್ಥಾನದ ಆವರಣಕ್ಕೆ ಚಿಕ್ಕವನಿದ್ದಾಗಿನಿಂದ ಹೋದವನು. ಅಲ್ಲಿಯ ಐದು ಹೆಡೆಯ ನಾಗರಕಲ್ಲಿನ ಮೇಲೂ ಇದೇ ಲಿಪಿ, ಇದೇ ಭಾಷೆ. ಶಾತಕರ್ಣಿ ಅರಸನ ಮಗಳು ಶಿವಸ್ಕಂದನಾಗಶ್ರೀ ನಾಗ, ಕೆರೆ, ವಿಹಾರ (ಭಿಕ್ಷುಗಳ ವಸತಿ) ಮಾಡಿಸಿದ್ದು ಅದರಲ್ಲಿದೆ. ಕಲ್ಲು ಕೆತ್ತಿದ ನಾಟಕ ಅನ್ನುವವನ ಹೆಸರೂ ಇದೆ. ಐನೂರು ಕಿಲೋಮೀಟರ್‌ಗೂ ದೂರದ ಘಟ್ಟದಿಂದ ಬಂದ ಒಬ್ಬ ಶೆಟ್ಟಿ, ಸಹ್ಯಾದ್ರಿಯ ಈ ತುದಿಯಲ್ಲಿ ಇಷ್ಟು ಹೆಮ್ಮೆಯಿಂದ ಬರೆಸಿದ್ದಾನೆ ಅಂದರೆ ವ್ಯಾಪಾರದ ದಾರಿ ಎಷ್ಟು ಉದ್ದ ಇದ್ದಿರಬೇಕು! ಪುಣೆಗೆ ಕೆಲಸಕ್ಕೆ ಬಂದ ಕನ್ನಡದವರು ಈ ಸಾಲಿನ ಮುಂದೆ ಒಮ್ಮೆಯಾದರೂ ನಿಲ್ಲಬೇಕು ಅನ್ನುವುದು ನನ್ನ ಆಸೆ.

ಕಾರ್ಲಾದ ಚೈತ್ಯದ ಎದುರಿಗೇ ಏಕವೀರಾ ದೇವಿಯ ಗುಡಿ ಇದೆ. ಮುಂಬೈ ಕಡೆಯ ಕೋಳಿ ಅನ್ನುವ ಮೀನುಗಾರ ಸಮಾಜದವರ ಕುಲದೇವತೆ. ಭಾನುವಾರ ಜನ ಬಹಳ. ಒಂದು ಮಧ್ಯಾಹ್ನ ಕಚ್ಚೆ ಸೀರೆಯುಟ್ಟ ಅಜ್ಜಿಯೊಬ್ಬರು ದರ್ಶನ ಮುಗಿಸಿ ಒಳಗೆ ಬಂದರು. ನಾನು ಕಂಬಕ್ಕೆ ಟಾರ್ಚ್ ಹಿಡಿದು ನಿಂತಿದ್ದೆ.

“ತಿಥೇ ಕಾಯ್ ಲಿಹಿಲಂಯ್?”

“ನಾವಂ ಆಹೇತ್, ಆಜೀ. ದಾನ್ ದಿಲೇಲ್ಯಾಂಚೀ.”

“ಬಾಯಕಾಂಚೀ ಪಣ್?”

ಅಲ್ಲಿ ಏನು ಬರೆದಿದೆ ಅಂತ ಅವರು ಮರಾಠಿಯಲ್ಲಿ ಕೇಳಿದ್ದಕ್ಕೆ, ದಾನ ಕೊಟ್ಟವರ ಹೆಸರುಗಳು ಅಂದಿದ್ದೆ. ಹೆಂಗಸರದ್ದೂ ಇದೆಯಾ ಅಂತ ಕೇಳಿದರು. ಇದೆ ಅಂದೆ, ಒಂದನ್ನು ತೋರಿಸಿದೆ. ಅವರು ಅದರ ಮುಂದೆ ಕೈ ಮುಗಿದು ಹೋದರು. ನೋಟ್‌ಬುಕ್ಕಿನ ಹಿಂದುಗಡೆ ಹೆಂಗಸರ ಹೆಸರಿಗೇ ಬೇರೆ ಪುಟ ತೆರೆದದ್ದು ಆಮೇಲೆ. ಈಗ ಆ ಪುಟವೇ ಎಲ್ಲಕ್ಕಿಂತ ಇಷ್ಟ. ಕಾರ್ಲಾದಲ್ಲಿ ಕೋಡಿ ಅನ್ನುವ ಭಿಕ್ಷುಣಿ ಇದ್ದಾಳೆ, ಘುಣಿಕನ ತಾಯಿ. ಕಟಕಟೆ ಕೆತ್ತನೆ ಅವಳ ದಾನ, ಮಾಡಿದವನು ನಂದಿಕ. ಮಗ ಇದ್ದವಳು ಭಿಕ್ಷುಣಿಯಾದಳು, ಆದರೂ ಮಗನ ಹೆಸರನ್ನು ಬಿಡಲಿಲ್ಲ. ಬೇಡಸೆಯ ನೀರಿನ ತೊಟ್ಟಿ ಸಾಮಡಿನಿಕಾ ಅನ್ನುವ ಮಹಾರಥಿನಿಯದ್ದು, ದೊಡ್ಡ ಮನೆತನದವಳು. ಭಾಜೆಯ 6ನೇ ಗುಹೆಯಲ್ಲಿರುವವಳು ಬಾಧಾ, ನೇಗಿಲು ಹೊಡೆಯುವವನ ಹೆಂಡತಿ. ಅವಳ ಬಗ್ಗೆ ಇರುವುದು ಇಷ್ಟೇ. ರಾಣಿಯರಿಗೆ ಹೆಸರು ಉಳಿಸಿಕೊಳ್ಳಲು ನೂರು ದಾರಿ. ಒಕ್ಕಲಗಿತ್ತಿಯೊಬ್ಬಳ ಹೆಸರು ಹೀಗೆ ಉಳಿದದ್ದು ದೊಡ್ಡದು, ಅಲ್ವಾ?

ಭಾಜೆಯಲ್ಲಿ ಇನ್ನೂ ಬಾಕಿ ಇರುವುದು 14 ಸ್ತೂಪಗಳ ಗುಂಪು. ಕೆಲವು ಒಳಗೆ, ಕೆಲವು ಹೊರಗೆ. ತೀರಿಕೊಂಡ ಹಿರಿಯ ಭಿಕ್ಷುಗಳ ಸ್ಮಾರಕಗಳು, ಅಂಪಿಕಿಣಕ, ಧಮ್ಮಗಿರಿ, ಸಂಘದಿನ ಅಂತೆಲ್ಲ ಹೆಸರಿದೆ. ಸವೆದು ಹೋದ ಕಡೆ ಓದುವುದು ನಿಧಾನ. ವಿಷ್ಣುದತ್ತ ಅನ್ನುವ ಮಹಾರಥಿ ಕೊಟ್ಟ ತೊಟ್ಟಿಯ ಬರಹ ಆಗಿದೆ.

ಹೋಗುವವರಿಗೆ ದಾರಿ: ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದರೆ ಒಂದು ಕಡೆ ಭಾಜೆ, ಇನ್ನೊಂದು ಕಡೆ ಕಾರ್ಲಾ. ಬೇಡಸೆಗೆ ಕಾಮಶೇತ್‌ನಲ್ಲಿ ಇಳಿಯಬೇಕು. ಬೇಡಸೆ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆಯೇ ಹತ್ತಿಬಿಡಿ. ಉಳಿದೆರಡೂ ಪಶ್ಚಿಮಕ್ಕೆ, ಮಧ್ಯಾಹ್ನದ ಮೇಲೆ ಬೆಳಕು ಒಳಗೆ ಬರುತ್ತದೆ. ಕಾರ್ಲಾಕ್ಕೆ ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆ ಬಿಟ್ಟು ಹೋದರೆ ಓದುವುದಕ್ಕೆ ಜಾಗ ಸಿಗುತ್ತದೆ.

ಊರೊಳಗಿನ ಪಾತಾಳೇಶ್ವರಕ್ಕೂ ಹೋಗಿಬಂದೆ. ಜಂಗಲಿ ಮಹಾರಾಜ ರಸ್ತೆಯಲ್ಲೇ ಇದೆ, ರಾಷ್ಟ್ರಕೂಟರ ಕಾಲದ್ದು. ದುಂಡನೆಯ ನಂದಿ ಮಂಟಪ ಚೆನ್ನಾಗಿದೆ. ನನ್ನ ಪಟ್ಟಿಗೆ ಹೆಸರು ಸಿಗಲಿಲ್ಲ. ಕೇಳ್ಕರ್ ಮ್ಯೂಸಿಯಂ ನೋಡಿದ್ದು ಸುಮ್ನೆ, ಮಳೆ ಬಂತು ಅಂತ. ಆದರೆ ದಿನಕರ ಕೇಳ್ಕರ್ ತೀರಿಹೋದ ಮಗ ರಾಜಾನ ನೆನಪಿಗೆ ದೀಪ, ಅಡಕತ್ತರಿ, ಬಾಗಿಲು ಅಂತ ಸಾವಿರಾರು ವಸ್ತು ಕೂಡಿಸಿ ಸರ್ಕಾರಕ್ಕೆ ಕೊಟ್ಟುಬಿಟ್ಟರು ಅನ್ನುವುದನ್ನು ಓದಿದ ಮೇಲೆ ಅವರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮುಂದಿನದು ಜುನ್ನರ್. ಅಲ್ಲಿ ಇರಿಲ ಅನ್ನುವ ಯವನ ಎರಡು ತೊಟ್ಟಿ ಕೊಟ್ಟಿದ್ದಾನೆ, ಚಿಟ ಅನ್ನುವವನು ಊಟದ ಮನೆ. ಅಲ್ಲಿಂದ ನಾಣೇಘಾಟ್‌ಗೆ ಹೋಗಬೇಕು. ಶಾತವಾಹನರ ರಾಣಿ ನಾಗಣಿಕಾಳ ದೊಡ್ಡ ಶಾಸನ, ಯಜ್ಞಗಳಲ್ಲಿ ಕೊಟ್ಟ ಹಸು, ಕುದುರೆ, ಹಣದ ಲೆಕ್ಕ ಅಂಕಿಗಳ ಸಮೇತ ಅಲ್ಲಿದೆ. ಮಳೆಗಾಲದಲ್ಲಿ ಮಂಜು, ಜನ ಎರಡೂ ಜಾಸ್ತಿ. ದೀಪಾವಳಿ ಕಳೆದ ಮೇಲೆ ಹೊರಡುತ್ತೇನೆ. ಅಷ್ಟರೊಳಗೆ ಬ್ರಾಹ್ಮಿ ಅಂಕಿಗಳನ್ನು ಸರಿಯಾಗಿ ಕಲಿತಿರಬೇಕು.